ಒಂಬತ್ತನೇ ತರಗತಿಯ ಪೋಷಕರಿಗೆ: ಸಾನಿಯಾ ಮಿರ್ಜಾ ಕುರಿತ ಯೋಜನಾ ಕಾರ್ಯದ ವಿಚಾರ

ಮಾನ್ಯ ಪೋಷಕರೇ,

ನಮಸ್ಕಾರ. ಮಕ್ಕಳಿಗೆ ಈ ಬಾರಿ ಕೊಟ್ಟಿರುವ ‘ಸಾನಿಯಾ ಮಿರ್ಜಾ ಅವರ ವೃತ್ತಿಜೀವನ’ ಎಂಬ ಯೋಜನಾ ಕಾರ್ಯವನ್ನು ಆಕ್ಷೇಪಿಸಿ ತಮ್ಮಲ್ಲಿ ಕೆಲವರು ಸಹಿ ಮಾಡಿ ಕಳಿಸಿದ ಪತ್ರ ತಲುಪಿದೆ. ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷ ಇರುವಾಗ ಟೆನಿಸ್ ಆಟಗಾರ್ತಿಯೊಬ್ಬರಿಗಾಗಿ ಇಷ್ಟು ಸಮಯವೇ ಎಂದು ಕೇಳಿದ್ದೀರಿ. ಇದಕ್ಕೆ ವಾರಕ್ಕೆ ಒಂದು ಅವಧಿ ಮಾತ್ರ ಮೀಸಲಾಗಿದೆ, ಗಣಿತ ಮತ್ತು ವಿಜ್ಞಾನದ ಅವಧಿಗಳನ್ನು ಮುಟ್ಟಿಲ್ಲ. ಇವರ ಬದಲು ಬ್ಯಾಡ್ಮಿಂಟನ್ ಆಟಗಾರ್ತಿ ಪಿ.ವಿ. ಸಿಂಧು ಅವರ ಹೆಸರನ್ನು ಸೂಚಿಸಿದ್ದೀರಿ. ಅವರ ಬಗ್ಗೆ ನಮಗೂ ಅಷ್ಟೇ ಅಭಿಮಾನವಿದೆ, ಆದರೆ ಮಕ್ಕಳು ಆರಂಭದಿಂದ ನಿವೃತ್ತಿಯವರೆಗೆ ಪೂರ್ಣಗೊಂಡ ಒಂದು ವೃತ್ತಿಜೀವನವನ್ನು ನೋಡಬೇಕೆಂಬುದು ಶಿಕ್ಷಕರ ಉದ್ದೇಶ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ತಮ್ಮ ಇನ್ನೊಂದು ಮಾತು. ಒಬ್ಬರೇ ಆಡುವ ಸಿಂಗಲ್ಸ್ ಆಟವನ್ನು ಅರ್ಧಕ್ಕೇ ಕೈಬಿಟ್ಟು, ಜೋಡಿಯಾಗಿ ಆಡುವ ಡಬಲ್ಸ್‌ಗೆ ಹೊರಳಿದವರನ್ನು ಮಾದರಿಯಾಗಿ ಇಟ್ಟರೆ, ಕಷ್ಟ ಬಂದಾಗ ಸುಲಭದ ದಾರಿ ಹಿಡಿಯಿರಿ ಎಂದು ಕಲಿಸಿದಂತಾಗುತ್ತದೆ ಎಂದಿದ್ದೀರಿ. ಹೆತ್ತವರ ಈ ಆತಂಕ ಅಸಹಜವೇನಲ್ಲ. ಆದರೂ ಸಾನಿಯಾ ಅವರ ವಿಷಯದಲ್ಲಿ ಇದು ಸಲ್ಲುವುದಿಲ್ಲ ಎಂದು ವಿನಯದಿಂದಲೇ ಹೇಳಬೇಕಾಗಿದೆ.

ಹೈದರಾಬಾದಿನಲ್ಲಿ ತಂದೆಯ ತರಬೇತಿಯಲ್ಲಿ ಬೆಳೆದ ಈಕೆ 2005ರಲ್ಲಿ, ಹದಿನೆಂಟರ ಹರೆಯದಲ್ಲಿ, ಅದೇ ಊರಿನ ಟೂರ್ನಿಯನ್ನು ಗೆದ್ದು ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) ಸಿಂಗಲ್ಸ್ ಪ್ರಶಸ್ತಿ ಪಡೆದ ಭಾರತದ ಮೊದಲ ಮಹಿಳೆಯಾದರು. ಆ ವರ್ಷವೇ ಅಮೆರಿಕ ಓಪನ್‌ನ ನಾಲ್ಕನೆಯ ಸುತ್ತು ಮುಟ್ಟಿದರು, 2007ರಲ್ಲಿ ವಿಶ್ವದ 27ನೇ ಕ್ರಮಾಂಕಕ್ಕೆ ಏರಿದರು. ಅವರ ಫೋರ್‌ಹ್ಯಾಂಡ್ (ಅಂಗೈ ಮುಂದಾಗಿ ಬೀಸುವ) ಹೊಡೆತದ ಬಿರುಸೆಲ್ಲ ಮಣಿಕಟ್ಟಿನ ತಿರುವಿನಲ್ಲಿತ್ತು. ಪೆಟ್ಟು ಬಿದ್ದದ್ದೂ ಆ ಮಣಿಕಟ್ಟಿಗೇ, ಮೊಣಕಾಲುಗಳಿಗೂ. ಶಸ್ತ್ರಚಿಕಿತ್ಸೆಗಳಾದ ಮೇಲೂ ವರ್ಷಗಟ್ಟಲೆ ಸಿಂಗಲ್ಸ್ ಆಡಿದ ಅವರು ಅದನ್ನು ನಿಲ್ಲಿಸಿದ್ದು 2013ರಲ್ಲಿ. ಮೊದಲ ನೋವಿಗೇ ಓಡಿಹೋದವರು ಇಷ್ಟು ಕಾಲ ಕಾಯುವುದಿಲ್ಲ.

ಇನ್ನು ಡಬಲ್ಸ್ ಸುಲಭದ ಆಟವೇ? ಅಂಕಣದ ಅರ್ಧ ಭಾಗವನ್ನು ಜೊತೆಗಾರ್ತಿ ನೋಡಿಕೊಳ್ಳುವುದರಿಂದ ಓಡಾಟ ಕಡಿಮೆ ಎಂಬುದು ನಿಜ. ಆದರೆ ಬಲೆಯ ಬಳಿ ಎದುರಾಳಿಯೊಬ್ಬರು ಕಾದು ನಿಂತಿರುವಾಗ ಸರ್ವ್ ಅನ್ನು, ಅಂದರೆ ಆಟ ಆರಂಭಿಸುವ ಹೊಡೆತವನ್ನು, ಹಿಂದಿರುಗಿಸಲು ಸಿಗುವ ಜಾಗ ಬಹಳ ಕಿರಿದು, ಯೋಚಿಸಲು ಸಿಗುವ ಕ್ಷಣ ಇನ್ನೂ ಕಿರಿದು. ಸಾನಿಯಾ ಅವರ ಫೋರ್‌ಹ್ಯಾಂಡ್ ರಿಟರ್ನ್ ಬೆಲೆಬಾಳಿದ್ದು ಇಲ್ಲಿಯೇ. 2015ರ ಏಪ್ರಿಲ್‌ನಲ್ಲಿ ಅವರು ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿ ಸತತ 91 ವಾರ ಅಲ್ಲಿದ್ದರು. ಸ್ವಿಟ್ಜರ್‌ಲೆಂಡಿನ ಆಟಗಾರ್ತಿ ಮಾರ್ಟಿನಾ ಹಿಂಗಿಸ್ ಜೊತೆಗೂಡಿ ಆ ವರ್ಷದ ವಿಂಬಲ್ಡನ್ ಮತ್ತು ಅಮೆರಿಕ ಓಪನ್, ಮರುವರ್ಷದ ಆಸ್ಟ್ರೇಲಿಯನ್ ಓಪನ್ ಗೆದ್ದರು. ವಿಂಬಲ್ಡನ್ ಫೈನಲ್‌ನ ನಿರ್ಣಾಯಕ ಸೆಟ್‌ನಲ್ಲಿ ಇವರು 2–5ರಿಂದ ಹಿಂದಿದ್ದರು. ಅಲ್ಲಿಂದ 7–5ರಲ್ಲಿ ಗೆದ್ದ ಜೋಡಿಯನ್ನು ಸುಲಭದ ದಾರಿಯವರೆನ್ನಲು ನನಗೆ ಮನಸ್ಸು ಬಾರದು. ಪುರುಷ ಆಟಗಾರರ ಜೊತೆಗೂಡಿ ಆಡುವ ಮಿಶ್ರ ಡಬಲ್ಸ್‌ನ ಮೂರು ಗ್ರ್ಯಾಂಡ್‌ಸ್ಲಾಮ್ (ಟೆನಿಸ್‌ನ ನಾಲ್ಕು ಅತಿದೊಡ್ಡ ಟೂರ್ನಿಗಳ) ಪ್ರಶಸ್ತಿಗಳು ಬೇರೆ. 2018ರಲ್ಲಿ ತಾಯಿಯಾದ ಮೇಲೆ 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಮರಳಿ ಆಡಿ, ಆ ಡಬಲ್ಸ್ ಪ್ರಶಸ್ತಿಯನ್ನೂ ಗೆದ್ದರು. 2023ರಲ್ಲಿ ನಿವೃತ್ತರಾಗುವ ಮುನ್ನ ಆಡಿದ ಕೊನೆಯ ಗ್ರ್ಯಾಂಡ್‌ಸ್ಲಾಮ್ ಫೈನಲ್‌ನಲ್ಲಿ ಅವರ ಜೊತೆಗಿದ್ದವರು ನಮ್ಮ ಕೊಡಗಿನ ರೋಹನ್ ಬೋಪಣ್ಣ. ಅದನ್ನು ಅವರು ಸೋತರು, ಮಕ್ಕಳು ಅದನ್ನೂ ಬರೆಯಲಿ.

ಸಿಂಗಲ್ಸ್‌ನಲ್ಲೇ ಉಳಿದಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಲಾರರು, ಆ ನಿರ್ಧಾರ ತಪ್ಪೆಂದು ವಾದಿಸುವ ವಿದ್ಯಾರ್ಥಿಗೂ ಪೂರ್ಣ ಅಂಕ ಸಿಗಬಹುದು. ತಾವು ಪತ್ರದಲ್ಲಿ ಎತ್ತಿದ ವಾದವನ್ನೇ ಮಗು ತನ್ನ ಮಾತಿನಲ್ಲಿ, ಆಧಾರಸಹಿತ ಬರೆದರೆ ನಮಗೆ ಸಂತೋಷವೇ. ಆಟಗಾರ್ತಿಯ ಖಾಸಗಿ ಬದುಕಿನ ಬಗ್ಗೆ ಮಾತ್ರ ಬರೆಯುವ ಅಗತ್ಯವಿಲ್ಲ. ಈ ವಿಷಯದಲ್ಲಿ ತಮ್ಮ ಸಲಹೆಯನ್ನು ಒಪ್ಪಿ ಶಿಕ್ಷಕರಿಗೆ ಸೂಚನೆ ನೀಡಿದ್ದೇನೆ. ಆದರೆ ಯೋಜನಾ ಕಾರ್ಯದ ವಿಷಯ ಬದಲಾಗುವುದಿಲ್ಲ, ಯಾರಿಗೂ ವಿನಾಯಿತಿಯೂ ಇರುವುದಿಲ್ಲ.

ಈಗಾಗಲೇ ಬಂದಿರುವ ಕೆಲವು ಕರಡುಗಳ ಭಾಷೆ ಹದಿನಾಲ್ಕರ ವಯಸ್ಸಿನದಾಗಿ ಕಾಣುತ್ತಿಲ್ಲವಾದ್ದರಿಂದ, ದಯವಿಟ್ಟು ಮಕ್ಕಳೇ ಬರೆಯಲು ಬಿಡಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ