ಗಾಂಧಿನಗರದ ಹೋಟೆಲುಗಳಿಗೆ ಬೇಸ್‌ಮೆಂಟು ಬೇಡ, ಇಳಿಯೋಕೆ ಜಾಗ ಕೊಡಿ

ಸಂಪಾದಕರೇ,

ಬೆಂಗಳೂರಿನ ಗಾಂಧಿನಗರದಲ್ಲಿ ಹಳೇ ಲಾಡ್ಜು ಕೆಡವಿ ಹೊಸ ಹೋಟೆಲು ಕಟ್ಟುವುದು ನಡೆದೇ ಇದೆ. ಕಟ್ಟಲಿ. ಆ ಕತ್ತಲೆ ಮೆಟ್ಟಿಲು, ಕಿಟಕಿಯಿಲ್ಲದ ರೂಮುಗಳನ್ನು ನೆನೆದು ಕೊರಗುವವನು ನಾನಲ್ಲ. ನನ್ನ ತಕರಾರು ಹೊಸ ಕಟ್ಟಡಗಳ ನೆಲಮಹಡಿಯ ಮೇಲೆ. ಮೊದಲು ಕಾಫಿ ಹೋಟೆಲು, ಬೀಡಾ ಅಂಗಡಿ, ಬ್ಯಾಗ್ ರಿಪೇರಿಯವನು ಇದ್ದ ಕಡೆ ಈಗ ಒಂದು ಶಟರು, ಕೆಳಗಿಳಿಯುವ ರ‍್ಯಾಂಪು, ವಿಷಲ್ ಊದುವ ಸೆಕ್ಯುರಿಟಿ. ಫುಟ್‌ಪಾತಿನಲ್ಲಿ ನಡೆಯುವವರು ನಿಂತು ಕಾರಿಗೆ ದಾರಿ ಬಿಡಬೇಕು. ರೂಮಿಗೆ ಇಷ್ಟು ಕಾರು ಅಂತ ಪಾರ್ಕಿಂಗ್ ಜಾಗ ಇರಬೇಕು ಅನ್ನುವ ನಿಯಮಕ್ಕಾಗಿ ಇದೆಲ್ಲ. ಆದರೆ ಯಾರಿಗಾಗಿ?

ಇಲ್ಲಿ ಉಳಿಯಲು ಬರುವವರು ಯಾರು ಅಂತ ಸ್ವಲ್ಪ ನೋಡಿ. ಒಂದು ಕಡೆ ಕೆಂಪೇಗೌಡ (ಮೆಜೆಸ್ಟಿಕ್) ಬಸ್ ನಿಲ್ದಾಣ, ಅದರಾಚೆ ರೈಲ್ವೆ ಸ್ಟೇಷನ್, 2017ರಿಂದ ಹಸಿರು, ನೇರಳೆ ಎರಡೂ ಮೆಟ್ರೊ ಸೇರುವ ಜಾಗ. ಗುಬ್ಬಿ ತೋಟದಪ್ಪನವರು 1903ರಲ್ಲೇ ಸ್ಟೇಷನ್ ಎದುರು ಛತ್ರ ಕಟ್ಟಿಸಿದ್ದು ಬ್ಯಾಗು ಹೊತ್ತು ನಡೆದು ಬರುವವರಿಗೆ. ಇವತ್ತಿಗೂ ಇಲ್ಲಿ ಜಾಸ್ತಿ ಬರುವವರು ಅವರೇ. ಹಾಸನದಿಂದ, ಶಿವಮೊಗ್ಗದಿಂದ ಸ್ವಂತ ಕಾರಲ್ಲಿ ಬರುವ ಕುಟುಂಬಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಕಾರು ಅವರು ಮಲಗುವ ರೂಮಿನ ಕೆಳಗೇ ನಿಲ್ಲಬೇಕಾ?

ಲೆಕ್ಕ ಹಾಕಿ ನೋಡಿ. ಒಂದು ಕಾರು ನಿಲ್ಲಲು 2.5 ಮೀಟರ್ ಅಗಲ, 5.5 ಮೀಟರ್ ಉದ್ದ ಜಾಗ ಬೇಕು. ಒಳಗೆ ಬರಲು, ತಿರುಗಿಸಲು, ರ‍್ಯಾಂಪಿಗೆ ಅಂತ ಸೇರಿಸಿದರೆ ಹೆಚ್ಚುಕಡಿಮೆ ಡಬಲ್. ಅಂದರೆ ನಾಲ್ಕು ಕಾರಿಗೆ ಒಂದು 30-40 ಅಡಿ ಸೈಟು ಹೋಯಿತು! ಇನ್ನು ಹತ್ತು ಅಡಿ ಕೆಳಗಿಳಿಯಲು, ಎಂಟಕ್ಕೊಂದು ಅಡಿ ಇಳಿಜಾರು ಅಂದುಕೊಂಡರೂ, ಎಂಬತ್ತು ಅಡಿ ಉದ್ದದ ರ‍್ಯಾಂಪು ಬೇಕು. ಅಡ್ಡರಸ್ತೆಯ ಸಣ್ಣ ಸೈಟಿನಲ್ಲಿ ಅಷ್ಟು ಉದ್ದ ಎಲ್ಲಿಂದ ತರುತ್ತೀರಿ? ಅದಕ್ಕೇ ಕೆಲವರು ಕಾರ್ ಲಿಫ್ಟ್ ಹಾಕುತ್ತಾರೆ. ಅದರಲ್ಲಿ ಒಂದು ಸಲಕ್ಕೆ ಒಂದೇ ಕಾರು. ಒಂದು ಇಳಿದು ಲಿಫ್ಟು ಮೇಲೆ ಬರುವವರೆಗೆ ಹಿಂದಿನ ಎರಡು ಮೂರು ಕಾರು ರಸ್ತೆಯಲ್ಲೇ ನಿಲ್ಲುತ್ತವೆ, ಅವುಗಳ ಹಿಂದೆ ಬಿಎಂಟಿಸಿ ಬಸ್ಸು, ಅದರ ಹಿಂದೆ ಹಾರ್ನು ಹೊಡೆಯುವ ಅರ್ಧ ಊರು. ಪಾರ್ಕಿಂಗ್ ಮಾಡಿದ್ದೇ ಜಾಮಿಗೆ ಕಾರಣ ಆಗುವುದು ಹೀಗೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ ಅನ್ನುವುದನ್ನೂ ಮರೆಯಬಾರದು. ಇಂಥ ತಗ್ಗಿನ ಸುತ್ತ ಎರಡು ಮೂರು ಮಹಡಿ ಕೆಳಗೆ ಅಗೆದರೆ ಮಳೆಗಾಲದಲ್ಲಿ ಪಂಪು ಕೂರಿಸಿಕೊಳ್ಳಲೇಬೇಕು.

ಹಾಗಾದರೆ ಕಾರು ಎಲ್ಲಿ ಬಿಡೋದು? ಶೇಷಾದ್ರಿ ರಸ್ತೆಯ ಕಡೆ, ಫ್ರೀಡಂ ಪಾರ್ಕ್ ಹತ್ತಿರ ಬಹುಮಹಡಿ ಪಾರ್ಕಿಂಗ್ ಇದೆ. ವರ್ಷಗಟ್ಟಲೆ ಎಳೆದಾಡಿ 2024ರಲ್ಲಿ ಶುರುವಾಯಿತು, ಐನೂರಕ್ಕೂ ಹೆಚ್ಚು ಕಾರು ಹಿಡಿಯುತ್ತದೆ. ಮೊದಮೊದಲು ಜನ ಅಷ್ಟಾಗಿ ಬರುತ್ತಿಲ್ಲ ಅಂತ ಪತ್ರಿಕೆಗಳಲ್ಲೇ ಬಂದಿತ್ತು. ಯಾಕೆ ಬರುತ್ತಾರೆ ಹೇಳಿ, ಹೊರಗೆ ರಸ್ತೆ ಬದಿಯಲ್ಲಿ ಸುಮ್ನೆ ಬಿಟ್ಟು ಹೋಗಬಹುದಾದರೆ? ಆದರೆ ಅಲ್ಲೊಂದು ಒಳ್ಳೆ ಅನುಕೂಲ ಇದೆ. ಕೆ.ಜಿ. (ಕೆಂಪೇಗೌಡ) ರಸ್ತೆಯ ಸಿಟಿ ಸಿವಿಲ್ ಕೋರ್ಟು, ಕಾವೇರಿ ಭವನ, ಡಿಸಿ ಆಫೀಸಿಗೆ ಬರುವ ಕಾರುಗಳು ಹಗಲಿನವು. ಸಂಜೆ ಆರರ ಮೇಲೆ ಅವು ಹೋಗಿ ಜಾಗ ಖಾಲಿ. ಹೋಟೆಲಿನಲ್ಲಿ ಉಳಿಯುವವರ ಕಾರು, ಸೆಕೆಂಡ್ ಶೋ ನೋಡುವವರ ಕಾರು ಬರುವುದೇ ಆಮೇಲೆ. ಒಂದೇ ಜಾಗ ಎರಡು ಪಾಳಿಯಲ್ಲಿ ದುಡಿಯಬಹುದು. ಪ್ರತಿ ಹೋಟೆಲು ಬೇರೆ ಬೇರೆ ಬೇಸ್‌ಮೆಂಟು ಅಗೆದರೆ ಹಗಲೆಲ್ಲ ಅವು ಖಾಲಿ ಬಿದ್ದಿರುತ್ತವೆ, ಇಲ್ಲವೇ ನಿಧಾನಕ್ಕೆ ಗೋಡೌನ್ ಆಗುತ್ತವೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ಕೇಳುವುದು ಇಷ್ಟು. ಹೋಟೆಲಿನವರು ಆ ಬಹುಮಹಡಿ ಪಾರ್ಕಿಂಗಿನಲ್ಲಿ ತಿಂಗಳ ಲೆಕ್ಕದಲ್ಲಿ ಜಾಗ ಹಿಡಿದುಕೊಳ್ಳಲಿ, ಅದನ್ನೇ ಅವರ ಪಾರ್ಕಿಂಗ್ ಲೆಕ್ಕಕ್ಕೆ ಸೇರಿಸಲು ನಿಯಮದಲ್ಲಿ ದಾರಿ ಮಾಡಿಕೊಡಿ. ಗಿರಾಕಿ ಬಾಗಿಲಲ್ಲಿ ಇಳಿಯಲಿ, ಕಾರನ್ನು ಹೋಟೆಲಿನ ಡ್ರೈವರ್ ತೆಗೆದುಕೊಂಡು ಹೋಗಿ ಬಿಡಲಿ. ವಯಸ್ಸಾದವರಿಗೆ, ಅಂಗವಿಕಲರಿಗೆ ಮಾತ್ರ ಕಟ್ಟಡದಲ್ಲೇ ಒಂದೆರಡು ಜಾಗ ಇರಲಿ.

ಬದಲಿಗೆ ಒಂದು ವಿಷಯದಲ್ಲಿ ಬಿಗಿ ಇರಲಿ. ಇಳಿಯುವ ಜಾಗ ಹೋಟೆಲಿನ ಸೈಟಿನ ಒಳಗೇ ಇರಬೇಕು. ಈಗ ಆಟೊದಿಂದ ಇಳಿಯುವುದು ರಸ್ತೆಯಲ್ಲಿ, ಮದುವೆ ದಿಬ್ಬಣದ ಟಿಟಿ (ಟೆಂಪೊ ಟ್ರಾವೆಲರ್) ನಿಲ್ಲುವುದು ರಸ್ತೆಯಲ್ಲಿ, ತರಕಾರಿ, ಗ್ಯಾಸ್ ಸಿಲಿಂಡರ್, ಲಾಂಡ್ರಿ ಗಂಟು ಇಳಿಸುವುದೂ ರಸ್ತೆಯಲ್ಲೇ. ರೂಮಿಗೆ ಇಷ್ಟು ಕಾರು ಅಂತ ಲೆಕ್ಕ ಹಿಡಿಯುವವರಿಗೆ ಈ ಟಿಟಿ, ಲಗೇಜ್ ಆಟೊಗಳು ಕಾಣುವುದೇ ಇಲ್ಲ. ಎರಡು ಗಾಡಿ ಒಳಗೆ ಬಂದು ನಿಂತು ಹೋಗುವಷ್ಟು ಜಾಗ ಬಿಟ್ಟರೆ ಬೇಸ್‌ಮೆಂಟಿನ ಇಪ್ಪತ್ತು ಕಾರಿಗಿಂತ ರಸ್ತೆಗೆ ಜಾಸ್ತಿ ಉಪಕಾರ.

ಥಿಯೇಟರುಗಳ ಕಥೆ ಬೇರೆ. ಕಪಾಲಿ 1968ರಲ್ಲಿ ಶುರುವಾಗಿ 2017ರಲ್ಲಿ ನೆಲಕ್ಕುರುಳಿತು. ಸಾಗರ್ ಇಲ್ಲ, ಮೆಜೆಸ್ಟಿಕ್ ಥಿಯೇಟರೂ ಇಲ್ಲ. ಇಂಥ ದೊಡ್ಡ ಸೈಟುಗಳಲ್ಲಿ ಏನೇ ಬಂದರೂ ಬೇಸ್‌ಮೆಂಟ್ ಮಾಡಲು ಜಾಗ ಇರುತ್ತದೆ, ಮಾಡಲಿ. ಆದರೆ ಅದನ್ನು ಸುತ್ತಲಿನ ಲಾಡ್ಜಿನವರಿಗೂ ದುಡ್ಡಿಗೆ ತೆರೆಯಬೇಕು ಅಂತ ಮಂಜೂರಾತಿಯಲ್ಲೇ ಷರತ್ತು ಹಾಕಿ. ಬೈಕುಗಳಿಗೆ ಹೆಚ್ಚು ಜಾಗ ಇಡಿಸಿ. ಸೆಕೆಂಡ್ ಶೋ ಬಿಡುವ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ, ಸಿನಿಮಾ ನೋಡುವ ಹುಡುಗರು ಬೈಕಲ್ಲಿ ಬರದೆ ಇನ್ನೇನು ಮಾಡುತ್ತಾರೆ? ಎಸ್.ಸಿ. (ಸುಬೇದಾರ್ ಛತ್ರಂ) ರಸ್ತೆಯ ಫುಟ್‌ಪಾತ್ ಅಗಲ ಮಾಡಿದ್ದು ಅವರ ಬೈಕು ನಿಲ್ಲಿಸಲಿಕ್ಕಂತೂ ಅಲ್ಲ.

ಪ್ರದೇಶವಾರು ಪಾರ್ಕಿಂಗ್ ಯೋಜನೆ ಮಾಡಬೇಕು ಅಂತ 2021ರ ಪಾರ್ಕಿಂಗ್ ನೀತಿಯೇ ಹೇಳಿದೆ. ಈಗ ಬೆಂಗಳೂರಿಗೆ ಐದು ಪಾಲಿಕೆಗಳಾಗಿ, ಗಾಂಧಿನಗರ ಕೇಂದ್ರ ಪಾಲಿಕೆಗೆ ಸೇರಿದೆ. ಮೊದಲ ಯೋಜನೆ ಇಲ್ಲಿಂದಲೇ ಶುರು ಮಾಡಲಿ. ಅದು ಮುಗಿಯುವವರೆಗೆ, ಇಳಿಯುವ ಜಾಗ ತೋರಿಸದ ಹೋಟೆಲ್ ನಕ್ಷೆಗಳಿಗೆ ಸಹಿ ಹಾಕದಿದ್ದರೆ ಸಾಕು.

– ಒಬ್ಬ ಓದುಗ, ಶೇಷಾದ್ರಿಪುರ, ಬೆಂಗಳೂರು