ಟಿಕೆಟ್ ಕೌಂಟರ್ ಮುಚ್ಚಲು ಹೊರಟವರು ಯಾರು?

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ರೈಲು ಟಿಕೆಟ್ ಕೌಂಟರ್‌ಗಳನ್ನು ಮುಚ್ಚಲು 2023ರಲ್ಲಿ ಹೊರಟು ಕೈಬಿಟ್ಟ ಪ್ರಸಂಗ ಬಂದಾಗಲೆಲ್ಲ ‘ಖಾಸಗಿ ಕಂಪನಿಗಳು ಮುಚ್ಚಲು ಹೊರಟವು, ಸರ್ಕಾರ ತಡೆಯಿತು’ ಎನ್ನುವವರಿದ್ದಾರೆ. ದುಡ್ಡಿನ ಜಾಡು ಹಿಡಿದರೆ ಕಥೆ ಬೇರೆಯೇ.

ಕೋವಿಡ್ ಹೊಡೆತಕ್ಕೆ 2020ರಲ್ಲಿ ಹಳೆಯ ಫ್ರಾಂಚೈಸಿ ಪದ್ಧತಿ, ಅಂದರೆ ಖಾಸಗಿ ಕಂಪನಿಗಳು ಲಾಭ ನಷ್ಟ ತಾವೇ ಹೊತ್ತು ರೈಲು ಓಡಿಸುವ ಗುತ್ತಿಗೆ, ಮುಗಿಯಿತು. ಆಮೇಲಿನ ಒಪ್ಪಂದಗಳಲ್ಲಿ ಟಿಕೆಟ್ ಆದಾಯದ ಏರಿಳಿತವೂ ಖರ್ಚಿನ ಹೊರೆಯೂ ಬಹುಪಾಲು ಸರ್ಕಾರದ ಹೆಗಲಿಗೆ ಬಿದ್ದವು. ಕಂಪನಿಗೆ ಸಿಗುತ್ತಿದ್ದುದು ಶುಲ್ಕ ಮಾತ್ರ. ಅದರ ವಾರ್ಷಿಕ ಯೋಜನೆಗೂ ಸಾರಿಗೆ ಇಲಾಖೆಯ ಒಪ್ಪಿಗೆ ಬೇಕಿತ್ತು. ಕೌಂಟರ್ ಮುಚ್ಚಿ ಉಳಿಸಿದ ಸಂಬಳದ ಲಾಭ ಬಹುಪಾಲು ಖಜಾನೆಗೇ ಹೋಗುತ್ತಿತ್ತು. ಹೀಗಿರುವಾಗ, ಸುಮಾರು 1,000 ಕೌಂಟರ್‌ಗಳನ್ನು ಮುಚ್ಚುವ 2023ರ ಜುಲೈ 5ರ ಪ್ರಸ್ತಾವವನ್ನು ಕಂಪನಿಗಳ ಸ್ವಂತ ಬುದ್ಧಿ ಎಂದು ನಂಬುವುದು ಹೇಗೆ?

ಕೌಂಟರ್‌ನಲ್ಲಿ ಮಾರಾಟವಾಗುವುದು ಶೇ 12ರಷ್ಟು ಟಿಕೆಟ್ ಮಾತ್ರ ಎಂಬುದು ಕಂಪನಿಗಳು ಮುಂದಿಟ್ಟ ವಾದ. ಎಣಿಸಬೇಕಾದ್ದು ಬೇರೆ ಇತ್ತು. ಗಾಲಿಕುರ್ಚಿಯಲ್ಲಿ ಬರುವವರಿಗೆ, ಜೊತೆಗಾರರೊಂದಿಗೆ ಪಯಣಿಸುವ ದೃಷ್ಟಿಹೀನರಿಗೆ ರೈಲ್‌ಕಾರ್ಡ್ (ರಿಯಾಯಿತಿ ಚೀಟಿ) ಇಲ್ಲದಿದ್ದರೂ ರಿಯಾಯಿತಿ ಇದೆ. ಯಂತ್ರ ಅದನ್ನು ಕೊಡುವುದಿಲ್ಲ. ಎಷ್ಟೋ ಯಂತ್ರಗಳು ನೋಟು, ನಾಣ್ಯ ನುಂಗುವುದಿಲ್ಲ. ಕಿವಿ ಮಂದವಿರುವವರ ಶ್ರವಣ ಸಾಧನಕ್ಕೆ ಮಾತನ್ನು ನೇರವಾಗಿ ತಲುಪಿಸುವ ಇಂಡಕ್ಷನ್ ಲೂಪ್ ಕೌಂಟರ್‌ನ ಗಾಜಿನ ಬಳಿಯೇ ಇರುತ್ತದೆ. ಸಿಬ್ಬಂದಿಯನ್ನು ಪ್ಲಾಟ್‌ಫಾರ್ಮಿಗೆ ಕಳಿಸುತ್ತೇವೆ ಎಂದರು. ಓಡಾಡುವ ಸಿಬ್ಬಂದಿಯನ್ನು ಕಣ್ಣು ಕಾಣದವರು ಹುಡುಕುವುದೆಲ್ಲಿ? ಕೌಂಟರ್ ಇದ್ದ ಜಾಗದಲ್ಲೇ ಇರುತ್ತದೆ, ಅದರ ದೊಡ್ಡ ಗುಣವೇ ಅದು.

ಮುಚ್ಚುವ ವಿಧಾನ ರೈಲು ಕಂಪನಿಗಳ ನಡುವಿನ ಟಿಕೆಟ್ ಮಾರಾಟ ಒಪ್ಪಂದದ 17ನೇ ಅನುಸೂಚಿಯಲ್ಲಿದೆ. ನಿಲ್ದಾಣದಲ್ಲಿ ನೋಟಿಸ್ ಅಂಟಿಸಬೇಕು, ಅಭಿಪ್ರಾಯ ಹೇಳಲು 21 ದಿನ ಕೊಡಬೇಕು. ಪ್ರಯಾಣಿಕರ ಕಾವಲು ಸಂಸ್ಥೆಗಳಾದ ಟ್ರಾನ್ಸ್‌ಪೋರ್ಟ್ ಫೋಕಸ್, ಲಂಡನ್ ಟ್ರಾವೆಲ್‌ವಾಚ್ ಆಕ್ಷೇಪಿಸಿ ರಾಜಿಯಾಗದಿದ್ದರೆ ವಿಷಯ ಸಾರಿಗೆ ಸಚಿವರ ಮೇಜಿಗೆ. ಖರ್ಚು ಉಳಿಸಬೇಕಾದವರೂ ಅವರೇ, ತೀರ್ಪು ಕೊಡುವವರೂ ಅವರೇ!

ಆ 21 ದಿನಗಳು ಸಾಲದೆ ಗಡುವು ಸೆಪ್ಟೆಂಬರ್ 1ಕ್ಕೆ ಹೋಯಿತು. ಬಂದ ಪ್ರತಿಕ್ರಿಯೆಗಳು ಸುಮಾರು 7.5 ಲಕ್ಷ. ಅಕ್ಟೋಬರ್ 31ರಂದು ಕಾವಲು ಸಂಸ್ಥೆಗಳು ಎಲ್ಲ ಪ್ರಸ್ತಾವಗಳಿಗೂ ಆಕ್ಷೇಪ ಎತ್ತಿದವು. ಅಂದೇ ಆಗಿನ ಸಾರಿಗೆ ಸಚಿವ ಮಾರ್ಕ್ ಹಾರ್ಪರ್, ಇವು ಸಚಿವರು ವಿಧಿಸಿದ ಮಾನದಂಡ ಮುಟ್ಟಿಲ್ಲ, ಹಿಂತೆಗೆದುಕೊಳ್ಳಿ ಎಂದು ಕಂಪನಿಗಳಿಗೆ ಹೇಳಿದರು. ಮಾನದಂಡ ಅಷ್ಟು ಸ್ಪಷ್ಟವಿದ್ದಿದ್ದರೆ ಅದನ್ನು ಜುಲೈಗೆ ಮುಂಚೆಯೇ ಅನ್ವಯಿಸಬಹುದಿತ್ತು. ಕೌಂಟರ್ ತೆರೆದಿರುವ ಅವಧಿ ಗಣನೀಯವಾಗಿ ಕಡಿತವಾಗಬೇಕಾದರೂ ಇದೇ ಅನುಸೂಚಿಯ ದಾರಿ, ಅಲ್ಲೂ ಕೊನೆಯ ಮಾತು ಸಚಿವರದೇ. ಆದ್ದರಿಂದ ಕೊನೆಯ ತೀರ್ಪನ್ನು ಸಚಿವರಿಂದ ಬಿಡಿಸಿ, ರೈಲು ವೆಚ್ಚದಲ್ಲಿ ಪಾಲಿಲ್ಲದ ಸಂಸ್ಥೆಗೆ ವಹಿಸಬೇಕು.