ಯೆಲ್ಲೋ ಬೋರ್ಡ್ ಹಾಕಿಸಿದ್ದೇ ತಪ್ಪಾಯ್ತಾ ಸರ್?

ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರ ಸರ್. ನಾನು ಹಾಸನ ಕಡೆಯವನು. ಒಂದು ಟಿಟಿ (ಟೆಂಪೋ ಟ್ರಾವೆಲರ್), ಒಂದು ಡಿಸೈರ್ ಕಾರು ಇದೆ, ಎರಡೂ ಯೆಲ್ಲೋ ಬೋರ್ಡ್, ಅಂದರೆ ಬಾಡಿಗೆಗೆ ಅಂತಲೇ ನೋಂದಣಿ ಆದ ಹಳದಿ ನಂಬರ್ ಪ್ಲೇಟಿನ ಗಾಡಿಗಳು. ಟಿಟಿಗೆ ಡ್ರೈವರ್ ಇದ್ದಾನೆ, ಡಿಸೈರ್ ನಾನೇ ಓಡಿಸುತ್ತೇನೆ. ಟ್ರಾವೆಲ್ಸ್ ಶುರು ಮಾಡಿ ಹನ್ನೊಂದು ವರ್ಷ ಆಯ್ತು. ಇಷ್ಟು ವರ್ಷದಲ್ಲಿ ಯಾವ ಮಂತ್ರಿಗೂ ಕಾಗದ ಬರೆದವನಲ್ಲ. ಬರೆಯುವಷ್ಟು ಪುರುಸೊತ್ತೂ ಇರಲಿಲ್ಲ. ಈಗ ಪುರುಸೊತ್ತು ಬೇಕಾದಷ್ಟಿದೆ, ಬಾಡಿಗೆ ಇಲ್ಲ.

ಕೇಳುವುದು ಒಂದೇ. ಬಾಡಿಗೆಗೆ ಓಡುತ್ತಿರುವ ವೈಟ್ ಬೋರ್ಡ್ ಗಾಡಿಗಳನ್ನು, ಅಂದರೆ ಸ್ವಂತ ಬಳಕೆಗೆ ಅಂತ ನೋಂದಣಿ ಆದ ಗಾಡಿಗಳನ್ನು, ಹಿಡಿಸಿ.

ಮೊನ್ನೆ ಮಂಗಳವಾರ ನಡೆದದ್ದು ಹೇಳುತ್ತೇನೆ. ನಮ್ಮೂರಲ್ಲಿ ಒಂದು ವೈಟ್ ಬೋರ್ಡ್ ಎರ್ಟಿಗಾ ಇದೆ. ದಿನಾ ಬಾಡಿಗೆ. ಗುಟ್ಟೇನಿಲ್ಲ, ಅವನ ವಾಟ್ಸ್ಯಾಪ್ ಸ್ಟೇಟಸ್‌ನಲ್ಲೇ 'ಧರ್ಮಸ್ಥಳ, ಶೃಂಗೇರಿ, ಏರ್‌ಪೋರ್ಟ್ ಡ್ರಾಪ್, ಕಡಿಮೆ ರೇಟ್' ಅಂತ ಇರುತ್ತೆ. ನನ್ನ ಹಳೇ ಗಿರಾಕಿಗಳೇ ಅವನ ಗಾಡಿ ಹತ್ತುತ್ತಿದ್ದಾರೆ. ಆ ಸ್ಟೇಟಸ್‌ಗಳ ಸ್ಕ್ರೀನ್‌ಶಾಟ್, ಗಾಡಿ ಫೋಟೊ, ದಿನಾಂಕ ಎಲ್ಲ ಪ್ರಿಂಟ್ ಹಾಕಿಸಿ, ಒಂದು ಅರ್ಜಿ ಬರೆದು, ಸಾರಿಗೆ ಇಲಾಖೆಯ ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ, ನಾಳೆ ನನ್ನ ಗಾಡಿ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಅಲ್ಲಿಗೇ ಹೋಗಬೇಕಲ್ಲ.

ಅಲ್ಲಿನ ಸಾಹೇಬರು ಕಾಗದ ತಿರುವಿ ಹಾಕಿದರು. "ಹಿಡಿದರೆ ನೆಂಟರು ಅಂತಾರೆ ಕಣ್ರೀ, ನಾವೇನು ಮಾಡೋಣ?" ಅಂದರು. ಆಮೇಲೆ ಕಿಟಕಿಯಿಂದ ಹೊರಗೆ ನೋಡಿ, "ಆ ಟಿಟಿ ನಿಮ್ದಾ?" ಅಂದರು. ಹೌದು ಸರ್ ಅಂದೆ. ಎದ್ದು ಬಂದರು. ಗಾಡಿ ಸುತ್ತ ಒಂದು ಸುತ್ತು ಹಾಕಿದರು. ಹಿಂದಿನ ಬಂಪರ್ ಹತ್ತಿರ ರಿಫ್ಲೆಕ್ಟರ್ ಟೇಪು ಒಂದು ಗೇಣು ಕಿತ್ತುಹೋಗಿತ್ತು. ಬೆರಳಲ್ಲಿ ಇನ್ನಷ್ಟು ಎಬ್ಬಿಸಿ ತೋರಿಸಿದರು. ಐನೂರು ರೂಪಾಯಿ ದಂಡ. ರಸೀದಿ ಕೊಟ್ಟರು, ಅದರಲ್ಲಿ ಮೋಸ ಇಲ್ಲ. ನನ್ನ ಅರ್ಜಿಗೆ ಸೀಲ್ ಹಾಕಿಕೊಡಿ ಅಂದರೆ ಸೀಲ್ ಹಾಕುವವರು ಊಟಕ್ಕೆ ಹೋಗಿದ್ದರು. ಸಮಯ ಹನ್ನೊಂದೂವರೆ.

ಹಾಗಾಗಿ ದೂರು ಕೊಟ್ಟರೆ ಇಲಾಖೆ ಕ್ರಮ ಕೈಗೊಳ್ಳುವುದಿಲ್ಲ ಅಂತ ನಾನು ಹೇಳುವ ಹಾಗಿಲ್ಲ. ಕೈಗೊಂಡರು. ನನ್ನ ಮೇಲೆ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಾ ಸರ್? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 66, ಪರ್ಮಿಟ್ ಇಲ್ಲದೆ ಬಾಡಿಗೆ ಹೊಡೆಯುವ ಹಾಗಿಲ್ಲ. ಹೊಡೆದರೆ 192ಎ, ದಂಡ ಹತ್ತು ಸಾವಿರ. ನಿಮ್ಮ ಇಲಾಖೆಯ ಗೋಡೆಗೇ ಗೊತ್ತಿರುವ ವಿಷಯ ಇದು. ಅದನ್ನು ಜಾರಿ ಮಾಡಿ ಅನ್ನುವುದಷ್ಟೇ ನನ್ನ ಕೋರಿಕೆ.

ಯೆಲ್ಲೋ ಬೋರ್ಡ್ ಅಂದರೆ ಬರೀ ಬಣ್ಣ ಅಂದುಕೊಂಡಿದ್ದಾರೆ ಜನ. ನನ್ನ ಡಿಸೈರ್ ತಗೊಳ್ಳಿ. ಇದೇ ಗಾಡಿ ವೈಟ್ ಬೋರ್ಡ್ ಆಗಿದ್ದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ವರ್ಷಕ್ಕೆ 3,416 ರೂಪಾಯಿ. ಸರ್ಕಾರವೇ 2022ರಲ್ಲಿ ನಿಗದಿ ಮಾಡಿದ ದರ. ಯೆಲ್ಲೋ ಬೋರ್ಡ್‌ಗೆ 7,940, ಅದರ ಮೇಲೆ ಒಬ್ಬೊಬ್ಬ ಪ್ರಯಾಣಿಕನಿಗೆ 978. ನಾಲ್ಕು ಜನಕ್ಕೆ ಲೆಕ್ಕ ಹಾಕಿದರೆ 11,852. ಟಿಟಿಗೆ 14,343, ಜೊತೆಗೆ ತಲಾ 877ರಂತೆ ಹನ್ನೆರಡು ಸೀಟಿಗೆ, ಒಟ್ಟು 24,867. ಇದಕ್ಕೆಲ್ಲ ಶೇ 18 ಜಿಎಸ್‌ಟಿ ಬೇರೆ. ಅದು ಬರೀ ಥರ್ಡ್ ಪಾರ್ಟಿ, ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ. ನನ್ನ ಗಾಡಿ ನಾನೇ ಎಲ್ಲಾದರೂ ಗುದ್ದಿಕೊಂಡರೆ ಅದಕ್ಕೆ ಬೇರೆ ಕಟ್ಟಬೇಕು.

ಪರ್ಮಿಟ್, ಎಫ್‌ಸಿ, ಸ್ಪೀಡ್ ಗವರ್ನರ್, ಟಿಟಿಗೆ ಮೂರು ತಿಂಗಳಿಗೊಮ್ಮೆ ಸೀಟು ಲೆಕ್ಕದ ಟ್ಯಾಕ್ಸ್. ಎಫ್‌ಸಿ ಒಂದು ದಿನ ತಡವಾದರೆ ದಿನಕ್ಕೆ 50 ರೂಪಾಯಿ. ಹೋದ ವರ್ಷ ಗೇರ್‌ಬಾಕ್ಸ್ ಬಿಚ್ಚಿ ಗಾಡಿ ಗ್ಯಾರೇಜಲ್ಲಿ ನಿಂತಿತ್ತು, 23 ದಿನ ತಡ ಆಯ್ತು, 1,150 ಕಟ್ಟಿದೆ. ಓಡದ ಗಾಡಿಗೆ! ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ. ಧನುರ್ಮಾಸದಲ್ಲಿ ಅಯ್ಯಪ್ಪನೇ ನಮ್ಮನ್ನು ಕಾಪಾಡಬೇಕು, ಕಾಪಾಡುತ್ತಾನೆ, ಆದರೆ ಶಬರಿಮಲೆಗೆ ಹೋದರೆ ಕೇರಳಕ್ಕೆ ಬೇರೆ ತೆರಿಗೆ. ಟ್ಯಾಕ್ಸ್‌ಗೂ ಸಾಲದ ಇಎಂಐಗೂ ಆಷಾಢ ಅಂತ ಒಂದಿಲ್ಲ. ಓಡಿಸದಿದ್ದರೆ ಗಾಡಿ ಸರೆಂಡರ್ ಮಾಡಿ, ಅಂದರೆ ಪೇಪರ್ ಇಲಾಖೆಗೆ ಒಪ್ಪಿಸಿ ಓಡಿಸುವುದು ನಿಲ್ಲಿಸಿ ಅಂತೀರಿ. ಪೇಪರ್ ಕೊಟ್ಟು, ಮತ್ತೆ ಬಿಡಿಸಿಕೊಂಡು ಬರುವಷ್ಟರಲ್ಲಿ ಆ ತಿಂಗಳು ಬರಬೇಕಿದ್ದ ಎರಡು ಬಾಡಿಗೆಯೂ ಆ ಎರ್ಟಿಗಾ ಪಾಲು.

ಪ್ಯಾನಿಕ್ ಬಟನ್ ಕಥೆ ಹೇಳದೆ ಇರಲು ಆಗುವುದಿಲ್ಲ. ಜಿಪಿಎಸ್ ಡಿವೈಸ್, ಪ್ಯಾನಿಕ್ ಬಟನ್ ಹಾಕಿಸದಿದ್ದರೆ ಎಫ್‌ಸಿ ಇಲ್ಲ ಅಂದಿರಿ. ಎಂಟು ಸಾವಿರದ ಮೇಲೆ ಕೊಟ್ಟು ಹಾಕಿಸಿದೆ. ಒಂದು ದಿನ ನಾಮಕರಣದ ಬಾಡಿಗೆ. ಸಕಲೇಶಪುರ ದಾಟಿದ ಮೇಲೆ ಒಂದು ಮಗು ಕೆಂಪು ಬಟನ್ ನೋಡಿ ಒತ್ತಿದ್ದೇ ಒತ್ತಿದ್ದು. ಡ್ರೈವರ್ ಗಾಬರಿಯಾಗಿ ನನಗೆ ಫೋನ್ ಮಾಡಿದ, ಪೊಲೀಸರು ಬಂದರೆ ಏನು ಹೇಳಲಿ ಅಣ್ಣ ಅಂತ. ನಾನೂ ಹೆದರಿ ಸಂಜೆವರೆಗೂ ಫೋನ್ ಕೈಯಲ್ಲೇ ಹಿಡಿದು ಕೂತಿದ್ದೆ. ಯಾರೂ ಬರಲಿಲ್ಲ, ಒಂದು ಕಾಲ್ ಕೂಡ ಇಲ್ಲ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹೆಣ್ಣುಮಕ್ಕಳ ರಕ್ಷಣೆಗೆ ಅಂತ ಹಾಕಿಸಿದ್ದಲ್ವಾ ಸರ್ ಅದು?

ಇನ್ನು ಡೀಸೆಲ್. 2025ರ ಏಪ್ರಿಲ್ 1ಕ್ಕೆ ನಿಮ್ಮ ಸರ್ಕಾರ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು, ಲೀಟರಿಗೆ ಎರಡು ರೂಪಾಯಿ ಜಾಸ್ತಿ ಆಯ್ತು. ಅದೇ ವರ್ಷ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇ 15 ಏರಿಸಿಕೊಂಡಿರಿ. ನಿಮಗೆ ಖರ್ಚು ಜಾಸ್ತಿ ಆದರೆ ದರ ಏರಿಸಬಹುದು. ನಾನು ಕಿಲೋಮೀಟರಿಗೆ ಒಂದು ರೂಪಾಯಿ ಏರಿಸಿದರೆ ಗಿರಾಕಿ ಫೋನ್ ಇಟ್ಟು ವೈಟ್ ಬೋರ್ಡ್‌ಗೆ ಫೋನ್ ಹಚ್ಚುತ್ತಾನೆ.

ಹಾಸನದಿಂದ ಕುಕ್ಕೆ, ಅಲ್ಲಿಂದ ಧರ್ಮಸ್ಥಳ, ಶಿರಾಡಿ ಹತ್ತಿ ವಾಪಸ್. ಸುಮಾರು 280 ಕಿಲೋಮೀಟರ್. ಟಿಟಿಗೆ ಇಪ್ಪತ್ತು ರೂಪಾಯಿಯಂತೆ 5,600 ಬರುತ್ತೆ. 28 ಲೀಟರ್ ಡೀಸೆಲ್ಲಿಗೆ ಎರಡೂವರೆ ಸಾವಿರ ಹೋಯ್ತು. ಉಳಿದದ್ದು ಮೂರು ಸಾವಿರ ಚಿಲ್ಲರೆ. ತಿಂಗಳಿಗೆ ಇಂಥ ಹತ್ತು ಬಾಡಿಗೆ ಸಿಕ್ಕಿದರೂ ಟಿಟಿ ಸಾಲದ 31,500 ರೂಪಾಯಿ ಕಂತಿಗೇ ಸಾಲುವುದಿಲ್ಲ. ಡ್ರೈವರ್ ಸಂಬಳ ಹದಿನೆಂಟು ಸಾವಿರ. ಟೈರು, ಕ್ಲಚ್ ಪ್ಲೇಟು ಬರೆದರೆ ನೀವು ಓದುವುದಿಲ್ಲ, ಬಿಡಿ. ಹೋದ ಶ್ರಾವಣಕ್ಕೆ ಹೆಂಡತಿಯ ಎರಡು ಬಳೆ ಇಟ್ಟು ಇನ್ಶೂರೆನ್ಸ್ ಕಟ್ಟಿದೆ. ಇನ್ನೂ ಬಿಡಿಸಿಲ್ಲ. ಹಬ್ಬದ ದಿನ ಅವಳು ಗಾಜಿನ ಬಳೆ ಹಾಕಿಕೊಂಡು ಓಡಾಡುತ್ತಿದ್ದರೆ ನಾನು ಗಾಡಿ ತೊಳೆಯುವ ನೆಪ ಮಾಡಿ ಹೊರಗೇ ಇದ್ದೆ.

ಶಕ್ತಿ ಯೋಜನೆ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. 2023ರ ಜೂನ್ 11ರಿಂದ ನನ್ನ ಅಮ್ಮನೂ ಅದರಲ್ಲೇ ಓಡಾಡುತ್ತಾಳೆ, ನನ್ನ ಗಾಡಿಗಿಂತ ಅದೇ ಆರಾಮ ಅಂತಾಳೆ. ದೇವಸ್ಥಾನದ ಬಾಡಿಗೆ ಅಲ್ಲಿಂದಲೇ ಕಮ್ಮಿ ಆಗಿದ್ದು ನಿಜ. ಆದರೂ ಬಡವರಿಗೆ ಆಯ್ತಲ್ಲ, ಇರಲಿ. ವೈಟ್ ಬೋರ್ಡ್‌ನವನು ಬಡವ ಅಲ್ಲ ಸರ್. ಟೋಲ್‌ನಲ್ಲೂ ಅವನಿಗೇ ಅನುಕೂಲ. 2025ರ ಆಗಸ್ಟ್ 15ರಿಂದ 3,000 ರೂಪಾಯಿಗೆ 200 ಟ್ರಿಪ್‌ನ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಬಂತು, ಅದು ಸ್ವಂತದ ಕಾರಿಗೆ ಮಾತ್ರ. ಅದು ಕೇಂದ್ರದ್ದು, ನಿಮ್ಮದಲ್ಲ, ಗೊತ್ತು. ಆದರೆ ಆ ಪಾಸ್ ಹಾಕಿಕೊಂಡು ಅವನು ಬಾಡಿಗೆ ಹೊಡೆಯುತ್ತಾನೆ, ಅವನ ಹಿಂದೆ ಶಾಂತಿಗ್ರಾಮದ ಟೋಲ್‌ನಲ್ಲಿ ನಾನು ಪೂರ್ತಿ ದುಡ್ಡು ಕೊಟ್ಟು ದಾಟುತ್ತೇನೆ. ಒಂದು ಸಲ ಕನ್ನಡಿಯಲ್ಲಿ ನನ್ನನ್ನು ನೋಡಿ ಕೈ ಬೀಸಿದ.

ಟ್ಯಾಕ್ಸ್ ಕಟ್ಟುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಕಟ್ಟುತ್ತೇನೆ. ರಿಯಾಯಿತಿ, ಸಹಾಯಧನ ಏನೂ ಕೇಳುತ್ತಿಲ್ಲ. ಕಟ್ಟದವನನ್ನು ಹಿಡಿಸಿ ಅಂತಿದ್ದೇನೆ. ಅದು ಆಗುವುದಿಲ್ಲ ಅಂದರೆ ಹಾಗಂತ ಒಂದು ಸುತ್ತೋಲೆ ಹೊರಡಿಸಿ, ನಾವೂ ನಮ್ಮ ಬೋರ್ಡಿಗೆ ಬಿಳಿ ಬಣ್ಣ ಬಳಿಯುತ್ತೇವೆ. ಹತ್ತಿದವರನ್ನೆಲ್ಲ ನೆಂಟರು ಅನ್ನುತ್ತೇವೆ. ಹನ್ನೆರಡು ಜನ ನೆಂಟರು, ದಿನಾ ಬೇರೆ ಬೇರೆ.

ಬರುವ ತಿಂಗಳು ಟಿಟಿಯ ಮೂರು ತಿಂಗಳ ಟ್ಯಾಕ್ಸ್ ಡ್ಯೂ ಇದೆ. ಅಷ್ಟರೊಳಗೆ ನಮ್ಮ ಜಿಲ್ಲೆಯಲ್ಲಿ ಒಂದೇ ಒಂದು ವಾರ ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಛತ್ರಗಳ ಮುಂದೆ ವೈಟ್ ಬೋರ್ಡ್ ಚೆಕಿಂಗ್ ಮಾಡಿಸಿ ಸರ್. ಎಲ್ಲೆಲ್ಲಿ ನಿಲ್ಲುತ್ತವೆ ಅಂತ ಬೇಕಾದರೆ ನಾನೇ ಬಂದು ತೋರಿಸುತ್ತೇನೆ. ರಿಫ್ಲೆಕ್ಟರ್ ಟೇಪು ಹೊಸದು ಅಂಟಿಸಿದ್ದೇನೆ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ಟಿಟಿ ಮಾಲೀಕ